ಚಿಕ್ಕ ಕೈಯ ಹಿಡಿ ಅಕ್ಕಿ

ಮೂರು ದಿನದಿಂದ ನನಗೆ ಜ್ವರ. ಹೇಳಿಕೊಳ್ಳುವಂಥ ಜ್ವರವೇನಲ್ಲ. ಆದರೆ ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ ನನ್ನದಾದ್ದರಿಂದ ಅದಕ್ಕೆ ಸ್ವಲ್ಪ ಮರ್ಯಾದೆ ಸಿಕ್ಕಿದೆ. ಹೆಂಡತಿ ಕೂನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಇವತ್ತು ಅವಳಿಗೆ ಬೆಳಗಿನ ಪಾಳಿ. ಹಾಗಾಗಿ ಹನ್ನೆರಡು ವರ್ಷದ ಮಗ ಜೋಯಲ್ ಒಲೆಯ ಅಧಿಕಾರ ವಹಿಸಿಕೊಂಡ. ಅವರೆಕಾಳಿನ ಉದಕವನ್ನು, ಅಂದರೆ ನಮ್ಮ ಕಡೆಯ ಸಾರನ್ನು, ಅವನಮ್ಮ ಮಾಡಿಟ್ಟೇ ಹೋಗಿದ್ದಳು, ಅನ್ನ ಮಾತ್ರ ಇವನ ಜವಾಬ್ದಾರಿ. ಮಧ್ಯಾಹ್ನ ತಟ್ಟೆ ತಂದು ಮಂಚದ ಪಕ್ಕ ಇಟ್ಟ. ಒಂದು ತುತ್ತು ಬಾಯಿಗಿಟ್ಟೆ. ಅರ್ಧ ಅನ್ನ ಗಂಜಿಯಾಗಿ ಕರಗಿತು, ಇನ್ನರ್ಧ ಹಲ್ಲಿಗೆ ಸಿಕ್ಕಿ ಕಟಕ್ ಎಂದಿತು.

"ಬೆಳ್ತಿಗೆ ಅಕ್ಕಿ ಅರ್ಧ ಲೋಟವೇ ಇತ್ತು ಅಪ್ಪಾ," ಎಂದ ಜೋಯಲ್, ನನ್ನ ಮುಖ ನೋಡಿ. "ರೇಷನ್ ಅಂಗಡಿಯ ಕುಚ್ಚಲಕ್ಕಿ ಸೇರಿಸಿಬಿಟ್ಟೆ. ಒಳ್ಳಿತ್ತಾ?"

ನೀವು ಎಂದಾದರೂ ಎರಡು ಜಾತಿಯ ಅಕ್ಕಿ ಬೆರೆಸಿ ಬೇಯಿಸಿದ್ದೀರಾ? ಬೇಡ. ಒಂದು ಬೆಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಇನ್ನೂ ನಿದ್ದೆಯಿಂದ ಎದ್ದಿರುವುದಿಲ್ಲ. ಆದರೆ ನಾನು ಆ ತುತ್ತನ್ನು ನುಂಗಿದೆ, ಇನ್ನೊಂದು ತುತ್ತು ಕಲಸಿದೆ, ಜ್ವರದ ಬಾಯಿಯಲ್ಲೂ ಅದು ರುಚಿಸಿತು. ಆ ಅನ್ನ ನನಗೆ ಹಳೆಯ ಪರಿಚಯ. ಅದರ ಕಥೆ ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು, ಅಲ್ಲಿಂದ ಇನ್ನೂ ಹಿಂದಕ್ಕೆ. ನಿಮಗೇನೂ ಅವಸರವಿಲ್ಲ ತಾನೇ?

ಹುಬ್ಬತಲೈ ಕಡೆಗೆ ಹೋಗುವ ದಾರಿಯಲ್ಲಿ, ಚಹಾ ತೋಟಗಳ ನಡುವೆ ನಮ್ಮ ಹಟ್ಟಿ. ಬಡಗರ ಹಟ್ಟಿ. ಅದರ ಕೊನೆಯ ಮೂರ್ನಾಲ್ಕು ಮನೆಗಳು ಮಾತ್ರ ನಮ್ಮ ಮುತ್ತಾತಂದಿರ ಕಾಲದಲ್ಲಿ ಕ್ರೈಸ್ತರಾದವರವು. ಹಬ್ಬಗಳು ಬೇರೆಯಾದರೂ ನೆಂಟಸ್ತಿಕೆ ಒಂದೇ. ದಾರಿಯಲ್ಲಿ ಹಟ್ಟಿಯ ಹಿರಿಯರು ಯಾರೇ ಎದುರಾದರೂ ನಮ್ಮ ಮಕ್ಕಳು ತಲೆ ಬಗ್ಗಿಸುತ್ತಾರೆ, ಅವರು ತಲೆ ಮುಟ್ಟಿ "ಬದುಕು, ಬದುಕು" ಎಂದು ಹರಸುತ್ತಾರೆ. ಭಾಷೆಯ ವಿಷಯದಲ್ಲೂ ನಾವು ಹಾಗೇ ಕಲಸುಮೇಲೋಗರ. ಮನೆಯಲ್ಲಿ ಬಡಗು, ಪೇಟೆಯಲ್ಲಿ ತಮಿಳು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷು. ದೇವರ ಜೊತೆ ಮಾತ್ರ ಕನ್ನಡ. ಅವ್ವೆಯ ಅವ್ವೆಯ ಕಾಲದ ವೇದಪುಸ್ತಕ ಕನ್ನಡದ್ದು. ನಾನು ಅಕ್ಷರ ಕಲಿತದ್ದೂ ಅದರ ಮೇಲೆ ಬೆರಳಿಟ್ಟೇ.

ನಮ್ಮ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬದ ಪಕ್ಕದಲ್ಲಿ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದು ಹಿಡಿ ಅಕ್ಕಿಯ ಡಬ್ಬಿ. ಪ್ರತಿ ಸಲ ಅನ್ನಕ್ಕಿಡುವಾಗ, ಅಕ್ಕಿ ತೊಳೆಯುವ ಮೊದಲು, ಒಂದು ಹಿಡಿ ತೆಗೆದು ಅದಕ್ಕೆ ಹಾಕಬೇಕು. ಭಾನುವಾರ ಡಬ್ಬಿಯನ್ನು ದೇವಾಲಯಕ್ಕೆ ಒಯ್ದು ಅಲ್ಲಿಯ ಚೀಲಕ್ಕೆ ಸುರಿಯಬೇಕು. ಎಲ್ಲ ಮನೆಗಳ ಹಿಡಿಗಳೂ ಆ ಒಂದೇ ಚೀಲಕ್ಕೆ ಬೀಳುತ್ತವೆ. ಅದು ಕಷ್ಟದಲ್ಲಿರುವ ಯಾವುದೋ ಮನೆಗೆ ಸದ್ದಿಲ್ಲದೆ ಹೋಗುತ್ತದೆ. ಯಾವ ಮನೆಗೆ ಎಂದು ಯಾರೂ ಕೇಳುವುದಿಲ್ಲ, ಕೇಳಬಾರದು.

ನಾನು ಚಿಕ್ಕವನಿದ್ದಾಗಿನಿಂದ ಆ ಹಿಡಿ ಅವ್ವೆಯದೇ. ನಲವತ್ತು ವರ್ಷ ಚಹಾ ಎಲೆ ಕಿತ್ತ ಕೈ ಅವಳದು. ಎಲೆ ಕೀಳುವವರು ಕಿತ್ತದ್ದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿಯಬಾರದು. ಹಿಡಿದರೆ ಎಲೆಗೆ ಕಾವು ಏರಿ ಕಪ್ಪಾಗುತ್ತದೆ. ಬೆರಳು ಸಡಿಲ ಬಿಟ್ಟು, ಕೈ ಅಗಲಿಸಿ, ತುಂಬ ಹಿಡಿಯಬೇಕು. ಅವ್ವೆ ಅಕ್ಕಿಯನ್ನೂ ಹಾಗೆಯೇ ಹಿಡಿಯುತ್ತಿದ್ದಳು. ಅವಳ ಒಂದು ಹಿಡಿ ಎಂದರೆ ನಿಮ್ಮ ನಮ್ಮ ಎರಡು ಹಿಡಿ. ಅಡುಗೆ ನನ್ನ ಕೈಗೆ ಬಂದ ಮೇಲೂ ಅವಳು ಬೆಳಿಗ್ಗೆ ಬಂದು ತನ್ನ ಹಿಡಿ ತೆಗೆದುಕೊಂಡು ಹೋಗುತ್ತಿದ್ದಳು, ನಾನು ಲೋಟದಿಂದ ಅಳೆದದ್ದು ಕಡಿಮೆಯಾಯಿತಲ್ಲ ಎಂದು ಮತ್ತೆ ಅರ್ಧ ಲೋಟ ಹಾಕುತ್ತಿದ್ದೆ. ಒಳಗೊಳಗೇ ಗೊಣಗುತ್ತಲೂ ಇದ್ದೆ.

ಯಾಕೆಂದರೆ ನನ್ನ ಕೆಲಸ ಎಲೆ ಕೊಳ್ಳುವ ಕೇಂದ್ರದಲ್ಲಿ ತಕ್ಕಡಿಯ ಮುಂದೆ ಕೂರುವುದು. ಮಧ್ಯಾಹ್ನದ ಮೇಲೆ ಮೂಟೆಗಳು ಬರುತ್ತವೆ. ಒದ್ದೆ ಎಲೆಗೆ ಇಷ್ಟು ಕಳೆ, ದಪ್ಪ ಕಡ್ಡಿಗೆ ಇಷ್ಟು ಕಳೆ ಎಂದು ಕಳೆಯುತ್ತಾ ಕಳೆಯುತ್ತಾ ಮನುಷ್ಯನ ಕೈ ತಾನಾಗಿಯೇ ಬಿಗಿಯಾಗುತ್ತದೆ. ನನ್ನದಂತೂ ಆಗಿತ್ತು.

ಏಳು ವರ್ಷದ ಹಿಂದೆ, ಮಳೆಗಾಲದಲ್ಲಿ, ಅವ್ವೆ ತೋಟದ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ. ಕತ್ತಿಗೆ ಜೋಳಿಗೆ ಕಟ್ಟಿಕೊಂಡು ಒಲೆಯ ಪಕ್ಕ ಕೂತಳು. ಮೊದಲ ದಿನ ಬೆಳಿಗ್ಗೆಯೇ ಕೇಳಿದಳು: "ಹಿಡಿ ಅಕ್ಕಿ ಯಾರು ಹಾಕೋದು?"

ನನಗೆ ಆ ಕ್ಷಣದಲ್ಲಿ ಹೊಳೆದ ಉಪಾಯವನ್ನು ನೀವು ಮೆಚ್ಚಲೇಬೇಕು. "ಮಕ್ಕಳು ಹಾಕಲಿ ಅವ್ವೆ," ಎಂದೆ. "ಈಗಿಂದಲೇ ಕೊಡೋದು ಕಲೀಲಿ. ಮಗಳು ದೊಡ್ಡವಳಾದಳು, ಅವಳಿಗೆ ಗೊತ್ತು. ಜೋಯಲು ಹಾಕಲಿ."

ಜೋಯಲ್‌ಗೆ ಆಗ ಐದು ವರ್ಷ. ಅವನ ಹಿಡಿಯಲ್ಲಿ ಹಿಡಿಸುತ್ತಿದ್ದ ಅಕ್ಕಿಯನ್ನು ಒಂದು ಗುಬ್ಬಿ ಒಂದೇ ಊಟಕ್ಕೆ ಮುಗಿಸುತ್ತಿತ್ತು. ಅದರಲ್ಲೂ ಮುಷ್ಟಿ ಬಿಗಿ ಮಾಡಿ, ಅರ್ಧ ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಬಹಳ ಗಂಭೀರವಾಗಿ ಡಬ್ಬಿಗೆ ಹಾಕಿ "ಆಮೆನ್" ಎನ್ನುತ್ತಿದ್ದ. ಅವ್ವೆ ಅದನ್ನು ನೋಡಿದಳು. ನನ್ನನ್ನೂ ನೋಡಿದಳು.

ಆ ದಿನಗಳಲ್ಲಿ ನಾನು ಮಕ್ಕಳ ವಿಷಯದಲ್ಲಿ ಬಹಳ ಉತ್ಸಾಹದ ಮನುಷ್ಯ. ಕ್ಯಾಲೆಂಡರಿನ ಹಿಂಭಾಗದಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿದ್ದೆ: ಊಟಕ್ಕೆ ಮುಂಚೆ ಪ್ರಾರ್ಥನೆ, ಸುಳ್ಳು ಹೇಳದಿರುವುದು, ವಚನ ಬಾಯಿಪಾಠ, ಹಿಡಿ ಅಕ್ಕಿ. ಸರಿಯಾಗಿ ಮಾಡಿದರೆ ಒಂದು ನಕ್ಷತ್ರ. ಹತ್ತು ವರ್ಷದ ಮಗಳು ಪ್ರಿಸಿಲ್ಲಾ, ನಮ್ಮ ಪ್ರಿಸಿ, ನಕ್ಷತ್ರಗಳನ್ನು ತಾನೇ ಬಿಡಿಸಿಕೊಳ್ಳುತ್ತಿದ್ದಳು, ಅದೂ ನ್ಯಾಯವಾಗಿ. ಸಂಜೆ ಏಳಕ್ಕೆ ಮನೆಯ ಪ್ರಾರ್ಥನೆ. ಅದರಲ್ಲಿ ಜೋಯಲ್ ದಿನವೂ ತೋಟಕ್ಕೆ ಬರುವ ಕಾಡೆಮ್ಮೆಗಾಗಿ ಪ್ರಾರ್ಥಿಸುತ್ತಿದ್ದ. ಅದಕ್ಕೆ ಚಳಿಯಾಗದಿರಲಿ, ಅದರ ಮರಿಗೆ ಕೆಮ್ಮು ಬಾರದಿರಲಿ. ಅದೇ ಕಾಡೆಮ್ಮೆ ನಮ್ಮ ಬೇಲಿಯನ್ನು ಮೂರು ಸಲ ಮುರಿದಿತ್ತು. ನಾನು ಮನಸ್ಸಿನಲ್ಲೇ ಬೇರೆ ಪ್ರಾರ್ಥನೆ ಮಾಡುತ್ತಿದ್ದೆ. ಇಬ್ಬರ ಬೇಡಿಕೆಯನ್ನೂ ಕೇಳಿಸಿಕೊಳ್ಳುವ ದೇವರ ಕಷ್ಟ ದೇವರಿಗೇ ಗೊತ್ತು.

ಈ ನಕ್ಷತ್ರದ ಪಟ್ಟಿಯ ಕೀರ್ತಿ ಹೇಗೋ ಪಾದ್ರಿಯವರ ಕಿವಿಗೆ ಬಿತ್ತು. ಹೇಗೋ ಎಂದೆನಲ್ಲ, ನಾನೇ ಹೇಳಿದ್ದೆ. ಅವರಿಗೆ ಖುಷಿಯಾಯಿತು. ಬರುವ ತಿಂಗಳ ಕುಟುಂಬ ಭಾನುವಾರದಂದು "ಮನೆಯಲ್ಲಿ ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವುದು ಹೇಗೆ" ಎಂದು ಹತ್ತು ನಿಮಿಷ ಮಾತಾಡಬೇಕು ಎಂದರು. ನಾನು ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡು, ಮನೆಗೆ ಬರುವ ದಾರಿಯಲ್ಲೇ ಒಂದು ನೋಟ್‌ಬುಕ್ ಕೊಂಡೆ.

ಮೂರು ಪುಟ ಬರೆದೆ. ಅದರಲ್ಲಿ ಜೋಯಲನ ಹಿಡಿ ಅಕ್ಕಿಯ ಬಗ್ಗೆಯೇ ಒಂದು ಪುಟ. "ಎಳೆಯ ಕೈಗಳಿಗೆ ಕೊಡುವ ಅಭ್ಯಾಸ ಮಾಡಿಸಬೇಕು" ಎಂದು ಶುರುವಾಗುತ್ತಿತ್ತು. ಓದಿಕೊಂಡಾಗ ನನಗೇ ಕಣ್ಣು ಒದ್ದೆಯಾಗುತ್ತಿತ್ತು.

ಈ ನಡುವೆ ಒಂದು ಚಿಂತೆ ಹತ್ತಿತು. ಪ್ರಿಸಿ ಊಟ ಕಡಿಮೆ ಮಾಡಿದ್ದಳು. ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಎನಗ ಕಮ್ಮಿ ಹಾಕು ಅಪ್ಪಾ, ಹಸಿವಿಲ್ಲೆ" ಎನ್ನುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಎರಡು ವಾರ. ನರ್ಸಿನ ಗಂಡನಾದ ಮೇಲೆ ನಾನೂ ಅರ್ಧ ಡಾಕ್ಟರೇ. ಹೊಟ್ಟೆಯಲ್ಲಿ ಹುಳ ಎಂದು ತೀರ್ಮಾನಿಸಿದೆ. ಹೆಂಡತಿ "ಹುಳ ಇದ್ದರೆ ಹಸಿವು ಜಾಸ್ತಿಯೂ ಆಗಬಹುದು, ನೋಡೋಣ ಇರಿ" ಎಂದರೂ ಬಿಡದೆ ಹುಳದ ಮಾತ್ರೆ ತರಿಸಿ, ಎದುರಿಗೆ ನಿಂತು ಅಗಿಸಿದೆ. ಪ್ರಿಸಿ ತುಟಿಪಿಟಕ್ಕೆನ್ನದೆ ಅಗಿದು ನುಂಗಿದಳು. ಮೂಲೆಯಲ್ಲಿ ಅವ್ವೆ ಎಡಗೈಯಿಂದ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ನನಗೆ ಆಮೇಲೆ ತಿಳಿಯಿತು.

ಕುಟುಂಬ ಭಾನುವಾರದ ಹಿಂದಿನ ದಿನ ಶನಿವಾರ ಬೆಳಿಗ್ಗೆ. ಮಳೆಗೆ ಅಕ್ಕಿ ನೆನೆಯುತ್ತದೆಂದು ಎರಡು ಭಾನುವಾರ ಒಯ್ಯದೆ ಉಳಿದಿದ್ದ ಡಬ್ಬಿಯನ್ನು ಒರೆಸಿಡೋಣವೆಂದು ಎತ್ತಲು ಹೋದೆ. ಭಾಷಣ ಮಾಡುವವನ ಮನೆಯ ಡಬ್ಬಿ ಹೊಳೆಯಬೇಕಲ್ಲ. ಎತ್ತಿದರೆ ಬರಲಿಲ್ಲ. ಹಗುರ ಇರುತ್ತದೆಂದು ಒಂದೇ ಕೈ ಹಾಕಿದ್ದೆ. ಮುಚ್ಚಳ ತೆಗೆದೆ. ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಅಕ್ಕಿ ಕಂಠದವರೆಗೆ ತುಂಬಿತ್ತು.

"ಅವ್ವೆ, ನೀನು ಎಡಗೈಯಲ್ಲಿ ಹಾಕಿದೆಯಾ?"

"ಎನ್ನ ಕೈಯಲ್ಲ," ಎಂದಳು ಅವ್ವೆ. "ನಿನ್ನ ಮಗಳ ಕೇಳು."

ಪ್ರಿಸಿ ಬಂದು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಳು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಅವಳು ನಿಲ್ಲುವುದು ಹಾಗೆ.

"ಜೋಯಲನ ಕೈ ಪುಟ್ಟದು ಅಪ್ಪಾ," ಎಂದಳು. "ಅವನ ಹಿಡಿಯಲ್ಲಿ ಯಾರ ಹೊಟ್ಟೆ ತುಂಬೀತು? ನೀ ಒಲೆ ಹತ್ತಿಸೋಕೆ ಹೋದಾಗ ನಾ ಇನ್ನೊಂದು ಹಿಡಿ ತೆಗೆದು ಹಾಕಿದೆ."

"ಅದಕ್ಕೆ ಊಟ ಯಾಕೆ ಬಿಟ್ಟೆ?"

"ನೀ ಅಳೆದು ಹಾಕಿದ್ದಲ್ಲಾ? ನಾ ತೆಗೆದರ ಎಲ್ಲಾರಿಗೂ ಕಮ್ಮಿ ಆಗೀತು. ಹೆತ್ತೆಗೂ, ಜೋಯಲಿಗೂ. ಅದಕ್ಕೇ ಎನ್ನ ಪಾಲಲ್ಲಿ ಒಂದು ಹಿಡಿ ಬಿಟ್ಟೆ." ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದಳು: "ಆ ಮಾತ್ರೆ ಸುಣ್ಣ ತಿಂದಂಗ ಇತ್ತು ಅಪ್ಪಾ. ಇನ್ನು ಬೇಡ."

ಮಗು ಎರಡು ವಾರ ಅರೆಹೊಟ್ಟೆ ಉಂಡಿದ್ದಾಳೆ. ನಾನು ಅವಳಿಗೆ ಹುಳದ ಮಾತ್ರೆ ಕೊಟ್ಟಿದ್ದೇನೆ. ಅವಳ ತಮ್ಮನ ಹೆಸರಿನಲ್ಲಿ ಒಂದು ಪುಟ ಭಾಷಣ ಬರೆದಿದ್ದೇನೆ. ನನ್ನ ಜಿಪುಣತನವನ್ನು ನಾನು ಐದು ವರ್ಷದ ಮಗುವಿನ ಮುಷ್ಟಿಯೊಳಗೆ ಬಚ್ಚಿಟ್ಟಿದ್ದೆ. ಹತ್ತು ವರ್ಷದ ಮಗು ಅದನ್ನು ತನ್ನ ತಟ್ಟೆಯಿಂದ ತುಂಬಿಕೊಟ್ಟಿತ್ತು. ನಾಚಿಕೆ ಎಂದರೆ ಏನೆಂದು ಅವತ್ತು ನನಗೆ ಸರಿಯಾಗಿ ಗೊತ್ತಾಯಿತು.

"ಭಯ ಬೇಡ," ಎಂದಳು ಅವ್ವೆ, ನನ್ನ ಮುಖ ನೋಡಿ. "ಸಂಜೆ ಹೊತ್ತು ನಾ ಅವಳಿಗೆ ಕಿಳಂಗು ಸುಟ್ಟು ಕೊಟ್ಟೆ. ದಿನಾ ಎರಡು." ಕಿಳಂಗು ಎಂದರೆ ಆಲೂಗಡ್ಡೆ. ಪ್ರಿಸಿಯ ಕೆನ್ನೆ ಎರಡು ವಾರದಲ್ಲಿ ಇಳಿಯುವ ಬದಲು ಉಬ್ಬಿದ್ದು ಯಾಕೆಂದು ಆಗ ಅರ್ಥವಾಯಿತು. ಅರ್ಧ ಡಾಕ್ಟರಿಗೆ ಅದೂ ಕಂಡಿರಲಿಲ್ಲ.

"ನೀನು ಎನಗೆ ಹೇಳಬಹುದಿತ್ತು ಅವ್ವೆ."

"ಕೈ ಮಾತ್ರ ಮುರಿದಿತ್ತು, ಕಣ್ಣು ಒಳ್ಳೇದಾಗಿತ್ತು. ನಿನಗೂ ಕಣ್ಣಿತ್ತಲ್ಲಾ, ಅದಕ್ಕೇ ಕಾದೆ." ಮಕ್ಕಳನ್ನು ಹೊರಗೆ ಕಳಿಸಿ, ಅವ್ವೆ ಡಬ್ಬಿಯನ್ನು ಎಡಗೈಯಿಂದ ತನ್ನ ಹತ್ತಿರ ಎಳೆದುಕೊಂಡಳು. "ನಿನ್ನ ಅಪ್ಪ ಸತ್ತ ವರುಷದ ಅನ್ನ ನೆನಪಿದೆಯಾ?"

ನೆನಪಿಲ್ಲದೆ ಏನು! ನಾನು ನಮ್ಮ ಮನೆಯ ಯಾವ ಸಮಾರಂಭದಲ್ಲೂ ತಪ್ಪದೆ ಹೇಳುವ ತಮಾಷೆ ಅದು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಆ ವರ್ಷ ಅವ್ವೆಗೆ ಇದ್ದಕ್ಕಿದ್ದಂತೆ ಅನ್ನ ಮಾಡುವುದೇ ಮರೆತುಹೋಯಿತು ಎನ್ನುವುದು ನನ್ನ ಕಥೆ. ಒಂದೇ ತಟ್ಟೆಯಲ್ಲಿ ಅರ್ಧ ಗಂಜಿ, ಅರ್ಧ ಕಲ್ಲು. ತಿಂಗಳುಗಟ್ಟಲೆ ಹಾಗೇ. "ಅವ್ವೆ, ನಿನಗ ಅನ್ನ ಮಾಡೋಕೇ ತಿಳಿಯದು" ಎಂದು ನಾನು ತಟ್ಟೆ ತಳ್ಳಿ ಅಳುತ್ತಿದ್ದೆ. ನನ್ನ ಮದುವೆಯಲ್ಲಿ ಈ ಕಥೆಯನ್ನು ಅಭಿನಯಿಸಿ ತೋರಿಸಿದ್ದೇನೆ. ಎಲ್ಲರೂ ನಕ್ಕಿದ್ದಾರೆ. ಅವ್ವೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಾಳೆ.

"ಅದು ಈ ಅಕ್ಕಿ," ಎಂದಳು ಅವ್ವೆ. "ಹತ್ತು ಮನೆಯ ಅಕ್ಕಿ. ಒಬ್ಬರದು ಬೆಳ್ತಿಗೆ, ಒಬ್ಬರದು ಕುಚ್ಚಲು, ಒಬ್ಬರದು ಹಳೇದು, ಒಬ್ಬರದು ಹೊಸದು. ಒಂದೇ ಸಮ ಎಂಗ ಬೆಂದೀತು? ಆರಿಸೋಣಾ ಅಂತ ಒಂದು ದಿನ ಕೂತೆ. ಆಗಲಿಲ್ಲೆ."

ಮೂವತ್ತು ವರ್ಷ ಅವಳು ಆ ತಮಾಷೆಗೆ ನಗುತ್ತಾ ಬಂದಿದ್ದಳು. ನಿಜ ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಆದರೆ ಎಂಟು ವರ್ಷದ ಹುಡುಗ ಊರವರ ಅಕ್ಕಿ ತಿನ್ನುತ್ತಿದ್ದೇನೆಂದು ತಲೆ ತಗ್ಗಿಸುವುದಕ್ಕಿಂತ, ಅವ್ವೆಗೆ ಅಡುಗೆ ಬಾರದೆಂದು ತಲೆ ಎತ್ತಿ ಬಯ್ಯುವುದೇ ಮೇಲೆಂದು ಅವಳಿಗೆ ಕಂಡಿತ್ತು. ನನಗೆ ಅಳು ಬಂತು. ಬಂತು ಎಂದೇ ಹೇಳಿಬಿಡುತ್ತೇನೆ, ಮರೆಮಾಚುವುದೇನಿದೆ. ಮೂವತ್ತೆಂಟು ವರ್ಷದ ಗಂಡಸು ಅಕ್ಕಿ ಡಬ್ಬಿಯ ಮುಂದೆ ಕೂತು ಮೂಗು ಒರೆಸಿಕೊಂಡೆ.

"ಅತ್ತದ್ದು ಸಾಕು, ಅನ್ನಕ್ಕಿಡು," ಎಂದಳು ಅವ್ವೆ. "ಇವತ್ತು ನೀ ಹಾಕು."

ಅಕ್ಕಿಗೆ ಕೈ ಹಾಕಿ ಒಂದು ಹಿಡಿ ತೆಗೆದೆ. ಅಭ್ಯಾಸ ಬಲ, ಮುಷ್ಟಿ ಬಿಗಿಯಾಗಿತ್ತು. ಬೆರಳ ಸಂದಿಯಿಂದ ಅಕ್ಕಿ ಜಾರಿತು. ಅವ್ವೆ ಎಡಗೈಯಿಂದ ನನ್ನ ಮಣಿಕಟ್ಟಿಗೆ ಪಟ್ಟೆಂದು ಹೊಡೆದಳು. "ಎಲೆ ಹಿಡಿದಂಗ ಹಿಡಿ," ಎಂದಳು. ಬೆರಳು ಸಡಿಲ ಬಿಟ್ಟೆ. ಕೈ ಅಗಲಿಸಿದೆ. ತುಂಬ ಬಂತು. ಬಾಗಿಲ ಸಂದಿಯಿಂದ ಜೋಯಲ್ ಇದನ್ನೆಲ್ಲ ನೋಡುತ್ತಿದ್ದ. ಅಪ್ಪನಿಗೂ ಏಟು ಬೀಳುತ್ತದೆಂಬ ಹೊಸ ಸಂಗತಿ ತಿಳಿದು ಅವನ ಮುಖ ಅರಳಿತ್ತು.

ಮರುದಿನ ದೇವಾಲಯದಲ್ಲಿ ನನ್ನ ಹೆಸರು ಕರೆದಾಗ ಮೂರು ಪುಟ ಜೇಬಿನಲ್ಲೇ ಉಳಿದವು. ಏನು ಮಾತಾಡಿದೆ ಎಂದು ಪೂರ್ತಿ ನೆನಪಿಲ್ಲ. ಮಕ್ಕಳನ್ನು ಬೆಳೆಸುವುದು ಹೇಗೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದವಳು ಕೈಗೆ ಪಟ್ಟಿ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಾಳೆ ಎಂದೆ. ಹುಳದ ಮಾತ್ರೆಯ ವಿಷಯ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಪಾದ್ರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಸತ್ತ ವರ್ಷದ ಅಕ್ಕಿಗೆ ನಾನು ಇದುವರೆಗೆ ಯಾರಿಗೂ ಥ್ಯಾಂಕ್ಸ್ ಹೇಳಿಲ್ಲ, ಈಗ ಹೇಳುತ್ತೇನೆ ಎಂದೆ. ಆಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಮುದುಕಿಯರು ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಒಟ್ಟು ನಾಲ್ಕು ನಿಮಿಷವೂ ಆಗಿರಲಾರದು. ನನ್ನ ಹೆಂಡತಿ ಹೇಳುವ ಪ್ರಕಾರ ಆ ದೇವಾಲಯದಲ್ಲಿ ಯಾವ ಭಾಷಣವೂ ಅಷ್ಟು ಬೇಗ ಮುಗಿದದ್ದಿಲ್ಲ, ಜನ ಮೆಚ್ಚಿದ್ದು ಅದನ್ನೇ.

ನಕ್ಷತ್ರದ ಪಟ್ಟಿಯನ್ನು ನಾನು ಹರಿದು ಒಲೆಗೆ ಹಾಕಿದೆ. ಪ್ರಿಸಿಗೆ ಬೇಸರವಾಯಿತು, ಅವಳಿಗೆ ಇನ್ನೆರಡು ನಕ್ಷತ್ರ ಬರಬೇಕಿತ್ತಂತೆ. ಅಂದಿನಿಂದ ಮನೆಯ ಪದ್ಧತಿ ಬದಲಾಯಿತು. ಉಣ್ಣುವವರೆಲ್ಲ ತಮ್ಮ ತಮ್ಮ ಹಿಡಿ ತಾವೇ ಹಾಕಬೇಕು, ಯಾರ ಕೈಯನ್ನೂ ಬಾಡಿಗೆಗೆ ತೆಗೆದುಕೊಳ್ಳುವಂತಿಲ್ಲ. ಹೆಂಡತಿ ಬೆಳಗಿನ ಪಾಳಿಯಿದ್ದರೆ ಹೊರಡುವ ಮುಂಚೆ ಹಾಕಿ ಹೋಗುತ್ತಾಳೆ. ಈಗ ಹದಿನೇಳು ತುಂಬಿದ ಪ್ರಿಸಿ ಕೋಯಮತ್ತೂರಿನ ಹಾಸ್ಟೆಲಿನಲ್ಲಿದ್ದಾಳೆ. ರಜೆಗೆ ಬಂದರೆ ಚೀಲ ಇಳಿಸುವ ಮೊದಲೇ ಡಬ್ಬಿಗೆ ಕೈ ಹಾಕಿ, ಆಮೇಲೆ ಸುಟ್ಟ ಕಿಳಂಗು ಕೇಳುತ್ತಾಳೆ.

ಕಾಡೆಮ್ಮೆಯೂ ಚೆನ್ನಾಗಿದೆ. ಜೋಯಲನ ಪ್ರಾರ್ಥನೆಯೇ ಗೆದ್ದಿರಬೇಕು, ಕಳೆದ ತಿಂಗಳು ಬೇಲಿ ಮತ್ತೆ ಮುರಿಯಿತು.

ಇವತ್ತಿನ ತಟ್ಟೆಯನ್ನು ನಾನು ಖಾಲಿ ಮಾಡಿದೆ. ಇನ್ನಷ್ಟು ಹಾಕು ಎಂದೆ. ಜೋಯಲ್ ನಂಬದೆ ನನ್ನ ಹಣೆ ಮುಟ್ಟಿ ನೋಡಿದ. ಎದುರಿಗೆ ಕೂತಿದ್ದ ಅವ್ವೆ, ಹಲ್ಲಿಲ್ಲದ ಬಾಯಲ್ಲಿ ಅನ್ನವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸಿ, ನನ್ನನ್ನು ನೋಡಿ ನಕ್ಕಳು.

"ಇವನಿಗೂ ಅನ್ನ ಮಾಡೋಕೇ ತಿಳಿಯದು," ಎಂದಳು.

"ಬಲು ಒಳ್ಳಿತ್ತು ಅವ್ವೆ," ಎಂದೆ ನಾನು. ಎಂಟು ವರ್ಷದವನಿದ್ದಾಗ ಹೇಳಬೇಕಾಗಿದ್ದ ಮಾತು.

ಜೋಯಲ್ ಎದ್ದು ಹೋಗಿ ಡಬ್ಬಿ ತಂದ, ಜೊತೆಗೆ ಒಂದು ತಟ್ಟೆಯಲ್ಲಿ ಅಕ್ಕಿ. "ನಾನು ಹಾಕಿದೆ, ಹೆತ್ತೆ ಹಾಕಿತು," ಎಂದ. "ನೀ ಮಲಗಿದ್ದೆ, ಅದಕ್ಕೇ ನಿನ್ನದು ಅಂತ ತೆಗೆದಿಟ್ಟೆ." ಮುಚ್ಚಳ ತೆರೆದು ಮಂಚದ ಅಂಚಿಗೆ ಹಿಡಿದ. ಬೇವಿನೆಲೆಯ ವಾಸನೆ ಬಂತು. ತಟ್ಟೆಗೆ ಕೈ ಹಾಕಿ ಒಂದು ಹಿಡಿ ತೆಗೆದೆ. ಚೆಲ್ಲಬಾರದೆಂದು ಮುಷ್ಟಿ ಬಿಗಿ ಮಾಡಿದೆ.

ಅವನು ನನ್ನ ಮಣಿಕಟ್ಟಿಗೆ ಮೆಲ್ಲಗೆ ಒಂದು ಏಟು ಕೊಟ್ಟ.

"ಎಲೆ ಹಿಡಿದಂಗ ಹಿಡಿ ಅಪ್ಪಾ."